ಹೊಂಗೆಮರದ ಶೀಟು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ಆ ಕೋಪದಿಂದ ಕೆಡಿಸಿಕೊಂಡದ್ದು ಬೇಕಾದಷ್ಟಿದೆ. ಹೆಚ್ಚಿನವನ್ನು ಆಮೇಲೆ ಕ್ಷಮೆ ಕೇಳಿಯೋ, ಕರೆದು ಕಾಫಿ ಕುಡಿಸಿಯೋ ಸರಿಮಾಡಿಕೊಂಡೆ. ಒಂದನ್ನು ಮಾತ್ರ ಸರಿಮಾಡಲು ಆಗಲಿಲ್ಲ. ಅದು ಒಂದು ಮರದ ವಿಷಯ. ನೆಲದ ಮೇಲಿನ ಮರವಲ್ಲ, ನಕ್ಷೆಯ ಮೇಲೆ ಬರೆದದ್ದು, ಕಡಲೆಕಾಳಿನಷ್ಟು ದೊಡ್ಡದು.

ಎಂಬತ್ತರ ದಶಕದ ಕೊನೆಯ ವರ್ಷಗಳು. ರಾಜಾಜಿನಗರದ ಒಂದು ಸರ್ಕಾರಿ ಕಚೇರಿಯ ಮಹಡಿಯಲ್ಲಿ ನಮ್ಮ ನಕ್ಷೆ ವಿಭಾಗವಿತ್ತು. ಮೂವತ್ತೆರಡನೆಯ ವಯಸ್ಸಿಗೆ ನನ್ನನ್ನು ಅದರ ಮುಖ್ಯಸ್ಥೆಯಾಗಿ ತಂದು ಕೂರಿಸಿದರು. ಹನ್ನೊಂದು ಜನ ನಕ್ಷೆಗಾರರು, ಎಲ್ಲರೂ ಗಂಡಸರು, ಬಹುಪಾಲು ನನಗಿಂತ ದೊಡ್ಡವರು. ಉತ್ತರದ ಕಿಟಕಿಗಳ ಕೆಳಗೆ ಓರೆ ಮೇಜುಗಳನ್ನು ಹಾಕಿಕೊಂಡು, ಹಳೆಯ ನಕ್ಷೆಯ ಮೇಲೆ ಟ್ರೇಸಿಂಗ್ ಬಟ್ಟೆ ಹಾಸಿ, ಕಪ್ಪು ಮಸಿಯಲ್ಲಿ ಗೆರೆ ತೆಗೆಯುತ್ತಿದ್ದರು. ಮೊದಲು ಪೆನ್ಸಿಲ್, ಅದರ ಮೇಲೆ ಮಸಿ, ಮಸಿ ಒಣಗಿದ ಮೇಲೆ ಪೆನ್ಸಿಲನ್ನು ರಬ್ಬರಿನಿಂದ ಉಜ್ಜಿ ತೆಗೆಯುವುದು. ಪೆನ್ಸಿಲ್ ಗುರುತು ಉಳಿಸಿದವನು ನಕ್ಷೆಗಾರನೇ ಅಲ್ಲ ಎಂಬುದು ಅಲ್ಲಿಯ ಮೊದಲ ಪಾಠವಾಗಿತ್ತು.

ಆ ಟ್ರೇಸಿಂಗ್ ಬಟ್ಟೆಯನ್ನು ಈಗಿನವರು ನೋಡಿರಲಾರರು. ಬಹಳ ನಯವಾದ ಹತ್ತಿ ಬಟ್ಟೆಗೆ ಗಂಜಿ ಹಾಕಿ, ಕಾಗದದಂತೆ ಪಟಪಟ ಎನ್ನುವ ಹಾಗೆ ಮಾಡಿರುತ್ತಿದ್ದರು. ತಿಳಿನೀಲಿ ಬಣ್ಣ, ಅರ್ಧ ಪಾರದರ್ಶಕ. ಒಂದು ಹನಿ ನೀರು ಬಿದ್ದರೂ ಗಂಜಿ ಕರಗಿ ಬಿಳಿ ಕಲೆ ಆಗುತ್ತಿತ್ತು. ಅದಕ್ಕೇ ಮೇಜಿನ ಹತ್ತಿರ ನೀರಿನ ಲೋಟ ತರಕೂಡದು, ಬೇಸಿಗೆಯಲ್ಲಿ ಮಣಿಕಟ್ಟಿಗೆ ಕರ್ಚೀಫು ಕಟ್ಟಿಕೊಂಡೇ ಕೆಲಸ ಮಾಡಬೇಕು. ಅದೇ ಬಟ್ಟೆ ಹಳತಾಗಿ ರದ್ದಾದ ಮೇಲೆ ನೀರಿಗೇ ಹೋಗುತ್ತಿತ್ತು. ಕಾಮಾಕ್ಷಿಪಾಳ್ಯದಿಂದ ಬರುತ್ತಿದ್ದ ನಮ್ಮ ಅಟೆಂಡರ್ ಹೆಂಗಸು ಅದನ್ನು ಮನೆಗೆ ಒಯ್ದು, ಬಿಸಿನೀರಿನಲ್ಲಿ ನೆನೆಹಾಕಿ, ಗಂಜಿಯೂ ಮಸಿಯೂ ಹೋಗುವವರೆಗೆ ತಿಕ್ಕಿ ತೊಳೆದು ತರುತ್ತಿದ್ದಳು. ಕಚೇರಿಯಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ ಅದರ ಮೊದಲ ಜಬ್ಲಾ, ಅಂದರೆ ಕೂಸಿಗೆ ಹಾಕುವ ತೋಳಿಲ್ಲದ ಅಂಗಿ, ಆ ಬಟ್ಟೆಯದೇ. ಅಷ್ಟು ಮೆತ್ತನೆಯ ಬಟ್ಟೆ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ರದ್ದಾದ ನಕ್ಷೆಗಳಿಗೆ ಅದೇ ಸದ್ಗತಿ ಎಂದು ಎಲ್ಲರೂ ತಮಾಷೆ ಮಾಡುತ್ತಿದ್ದರು.

ನಾನು ಅಲ್ಲಿ ಸೇರಿದ ವರ್ಷವೇ ಕಂಪ್ಯೂಟರ್ ಬಂತು. ಇವತ್ತು ಜಿಐಎಸ್ ಎಂದು ಶಾಲೆಯ ಮಕ್ಕಳೂ ಹೇಳುತ್ತಾರೆ. ಆಗ ನಮಗೆ ಆ ಹೆಸರೇ ನಾಲಗೆಗೆ ಹತ್ತಿರಲಿಲ್ಲ, ಕಂಪ್ಯೂಟರ್ ಮ್ಯಾಪಿಂಗ್ ಎನ್ನುತ್ತಿದ್ದೆವು. ಒಂದು ಕೋಣೆಗೆ ಏಸಿ ಹಾಕಿಸಿ, ಬಾಗಿಲಲ್ಲಿ ಚಪ್ಪಲಿ ಬಿಡಿಸಿ, ಒಳಗೆ ಯಂತ್ರವನ್ನು ಕೂರಿಸಿದರು. ನಮ್ಮವರು ಸುಮ್ಮನಿದ್ದಾರೆಯೇ, ಪೂಜೆ ಮಾಡಿ ಮೇಜಿನ ನಾಲ್ಕು ಕಾಲಿಗೂ ನಿಂಬೆಹಣ್ಣು ಇಟ್ಟರು. ಕುಂಕುಮ ಕೀಬೋರ್ಡಿನ ಗುಂಡಿಗಳ ಸಂದಿಗೆ ಹೋಗಿ, ಅದನ್ನು ತೆಗೆಯಲು ಬಂದ ಕಂಪನಿಯವನು ಗೊಣಗಿದ.

ಕೆಲಸ ಕೇಳಲು ಸುಲಭ. ನಕ್ಷೆಯನ್ನು ಡಿಜಿಟೈಜರ್ ಎಂಬ ದೊಡ್ಡ ಮೇಜಿನ ಮೇಲೆ ಅಂಟಿಸಬೇಕು. ಅಂಗೈಯಲ್ಲಿ ಹಿಡಿಯುವ ಒಂದು ಉಪಕರಣ, ಅದರ ಗಾಜಿನಲ್ಲಿ ಪ್ಲಸ್ ಗುರುತಿನಂಥ ಕೂಡುಗೆರೆ. ಅದನ್ನು ರಸ್ತೆಯ ಪ್ರತಿಯೊಂದು ತಿರುವಿನ ಮೇಲೂ ಇಟ್ಟು ಗುಂಡಿ ಒತ್ತುತ್ತ ಹೋದರೆ ರಸ್ತೆ ಕಂಪ್ಯೂಟರಿನೊಳಗೆ ಹೋಗುತ್ತದೆ. ರಸ್ತೆಗೊಂದು ಸಂಖ್ಯೆ, ಕೆರೆಗೊಂದು, ದೇವಸ್ಥಾನಕ್ಕೊಂದು, ಬಾವಿಗೊಂದು. ಸಂಖ್ಯೆ ಇಲ್ಲದ್ದನ್ನು ಯಂತ್ರ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆ ಸಂಖ್ಯೆಗಳ ಪಟ್ಟಿ ಮಾಡಿದವಳು ನಾನು. ಅಷ್ಟೇ ಅಲ್ಲ, ಪ್ರತಿ ಶೀಟನ್ನೂ, ಅಂದರೆ ಒಂದೊಂದು ಬಡಾವಣೆಯ ನಕ್ಷೆಯನ್ನೂ, ಯಂತ್ರಕ್ಕೆ ಕೊಡುವ ಮೊದಲು ಊರಲ್ಲಿ ನಡೆದು ತಾಳೆ ನೋಡಬೇಕು ಎಂದು ಆದೇಶ ಹೊರಡಿಸಿ, "ನೆಲದ ಮೇಲಿಲ್ಲದ್ದು ನಕ್ಷೆಯ ಮೇಲಿರಕೂಡದು" ಎಂದು ದಪ್ಪ ಅಕ್ಷರದಲ್ಲಿ ಬರೆಸಿ ಗೋಡೆಗೆ ಅಂಟಿಸಿದೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅನ್ನುತ್ತಾರಲ್ಲ, ಹಾಗೆ.

ನಕ್ಷೆಗಾರರಲ್ಲಿ ಎಲ್ಲರಿಗಿಂತ ಹಿರಿಯರನ್ನು ಕಚೇರಿಯೆಲ್ಲ ಯಜಮಾನ್ರು ಎಂದೇ ಕರೆಯುತ್ತಿತ್ತು. ದಾವಣಗೆರೆ ಕಡೆಯವರು, ಹಣೆಯ ಮೇಲೆ ಮೂರೆಳೆ ವಿಭೂತಿ, ಮಾತು ಕಡಿಮೆ. ಗೋವಿಂದರಾಜನಗರದಲ್ಲಿ ಬಾಡಿಗೆ ಮನೆ, ಮನೆಯಲ್ಲಿ ಅವರು ಮತ್ತು ಹೆಂಡತಿ ಇಬ್ಬರೇ. ಅವರ ಕೈಯ ಗೆರೆ ಎಷ್ಟು ಸ್ವಚ್ಛವೆಂದರೆ ಹಳೆಯ ಶೀಟುಗಳಲ್ಲಿ ಸಹಿ ನೋಡದೆಯೇ ಅವರದನ್ನು ಗುರುತಿಸಬಹುದಿತ್ತು. ಅಂಥ ಕೈ ಆ ಯಂತ್ರದ ಮುಂದೆ ಸೋತಿತು. ಮೊದಲ ದಿನ ಅವರು ಉಪಕರಣವನ್ನು ಪೆನ್ನಿನಂತೆ ಹಿಡಿದು, ಮಾಗಡಿ ರಸ್ತೆಯ ಬಾಗುಗಳ ಮೇಲೆಲ್ಲ ಒಂದಿಷ್ಟೂ ಅಲುಗದೆ ಸಾಗಿಸಿದರು. ನಡುವೆ ಗುಂಡಿ ಒತ್ತಲೇ ಇಲ್ಲ. ಪರದೆಯ ಮೇಲೆ ಒಂದೇ ಒಂದು ನೇರ ಗೆರೆ ಬಂತು. ಹುಡುಗರು ನಕ್ಕರು, ನಾನೂ ನಕ್ಕೆ. ಅವರು ಎದ್ದು ಬಂದು ತಮ್ಮ ಓರೆ ಮೇಜಿಗೆ ಕೂತರು. ನಿವೃತ್ತಿಗೆ ಏಳೆಂಟು ತಿಂಗಳಿತ್ತು, ನಾನೂ ಒತ್ತಾಯಿಸಲಿಲ್ಲ.

ಹದಿನೇಳನೆಯ ಶೀಟು ಕಾಮಾಕ್ಷಿಪಾಳ್ಯದ್ದು. ಅದನ್ನು ತಾಳೆ ನೋಡಲು ನಾನೇ ಹೋದೆ. ಆಗ ನನಗೆ ನಾಲ್ಕನೆಯ ತಿಂಗಳು. ಬಸ್ಸಿನ ಹೊಗೆಗೆ ವಾಕರಿಕೆ, ಬಿಸಿಲಿಗೆ ತಲೆಸುತ್ತು. ಆ ಶೀಟಿನಲ್ಲಿ ಎರಡು ಅಡ್ಡರಸ್ತೆಗಳು ಕೂಡುವ ಮೂಲೆಯಲ್ಲಿ ಒಂಟಿ ಮರದ ಗುರುತಿತ್ತು. ಅಲ್ಲಿಗೆ ಹೋದರೆ ಮರವಿಲ್ಲ. ಒಂದು ಲೇತ್ ಅಂಗಡಿ, ಪಕ್ಕದಲ್ಲಿ ಕಾಂಪೌಂಡು, ಮುಂದೆ ಕಬ್ಬಿಣದ ಸುರುಳಿಗಳ ರಾಶಿ. ಲೇತಿನವನು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ.

"ಏನ್ ಹುಡುಕ್ತಾ ಇದೀರಾ ಮೇಡಂ?"

"ಇಲ್ಲೊಂದು ಮರ ಇತ್ತಾ?"

"ಮರಾನಾ? ನಾನು ಅಂಗಡಿ ಹಾಕಿ ಒಂಬತ್ತು ವರ್ಷ ಆಯ್ತು, ಇಲ್ಲಿ ಒಂದು ಗರಿಕೆ ಬೆಳೆದಿಲ್ಲ. ಗೌರ್ಮೆಂಟ್‌ನೋರು ಈಗ ಮರಾನೂ ಕಳ್ಕೊಂಡ್ಬಿಟ್ರಾ?"

ಅಲ್ಲಿದ್ದ ನಾಲ್ಕು ಜನ ಗೊಳ್ಳೆಂದು ನಕ್ಕರು. ನನ್ನ ಕಿವಿ ಬಿಸಿಯಾಯಿತು. ಕಚೇರಿಗೆ ಬಂದು ಹಳೆಯ ಪ್ರತಿಗಳನ್ನು ತೆಗೆಸಿದೆ. ಬಡಾವಣೆ ಆದಮೇಲೆ ಆ ಶೀಟನ್ನು ಮೂರು ಸಲ ಹೊಸದಾಗಿ ಟ್ರೇಸ್ ಮಾಡಿದ್ದರು. ಮೂರರಲ್ಲೂ ಮರ ಇತ್ತು, ಮೂರೂ ಯಜಮಾನ್ರ ಕೈಯವೇ.

ಅವರನ್ನು ಕೋಣೆಗೆ ಕರೆಯಬಹುದಿತ್ತು. ಕರೆಯಲಿಲ್ಲ. ಶೀಟನ್ನು ಹಿಡಿದು ಹಾಲಿನ ನಡುವೆ ಅವರ ಮೇಜಿಗೇ ಹೋದೆ.

"ಈ ಮರ ಎಲ್ಲಿದೆ ಯಜಮಾನ್ರೇ?"

ಅವರು ಶೀಟು ನೋಡಿದರು. "ಈಗಿಲ್ಲ ಮೇಡಂ."

"ಮತ್ತೆ ಯಾಕೆ ಬರೆದಿದ್ದೀರಿ?"

"ಅದೊಂದು ಇರ್ಲಿ ಬಿಡಿ ಮೇಡಂ."

ಅಷ್ಟೇ ಅಂದರು. ನನಗೆ ಅದು ಉದ್ಧಟತನವಾಗಿ ಕೇಳಿಸಿತು. ತಪ್ಪಾಗಿ ಬರೆದ ಮಸಿಯನ್ನು ಕೆರೆಯಲು ಪ್ರತಿ ಮೇಜಿನ ಮೇಲೂ ಒಂದು ಬ್ಲೇಡು ಇರುತ್ತಿತ್ತು. ಅವರದೇ ಬ್ಲೇಡು ತೆಗೆದುಕೊಂಡು, ಎಲ್ಲರ ಎದುರಿಗೆ ಆ ಮರವನ್ನು ಕೆರೆದು ಹಾಕಿದೆ. ಕೆರೆಯುವುದೂ ಒಂದು ಕಲೆ, ಬ್ಲೇಡನ್ನು ಮಲಗಿಸಿ ಮೇಲುಮೇಲೆ ಸವರಬೇಕು. ನನಗೆ ಎಲ್ಲಿತ್ತು ತಾಳ್ಮೆ, ಗಂಜಿಯ ಜೊತೆ ಬಟ್ಟೆಯ ಎಳೆಗಳೂ ಎದ್ದುಬಂದವು. ಯಜಮಾನ್ರು ಮೇಜಿನ ಮೇಲೆ ಬಿದ್ದ ಕಪ್ಪು ಪುಡಿಯನ್ನು ಅಂಗೈಗೆ ಗುಡಿಸಿಕೊಂಡು, ಎದ್ದು ಹೊರಗೆ ಹೋದರು.

ಮೂರು ದಿನ ಬಿಟ್ಟು ನೋಡುತ್ತೇನೆ, ಮರ ಮತ್ತೆ ಅಲ್ಲೇ ಇದೆ. ಗಂಜಿ ಹೋದ ಜಾಗವಾದ್ದರಿಂದ ಮಸಿ ಸ್ವಲ್ಪ ಹರಡಿಕೊಂಡು, ಅವರ ಕೈಯದೇ ಅಲ್ಲವೆಂಬಷ್ಟು ಒರಟಾಗಿತ್ತು. ಈಗ ಕೋಪ ನೆತ್ತಿಗೇರಿತು. ಸರ್ಕಾರಿ ದಾಖಲೆಯಲ್ಲಿ ಸುಳ್ಳು ನಮೂದು ಮಾಡಿದ್ದಕ್ಕೆ ಲಿಖಿತ ವಿವರಣೆ ಕೊಡಬೇಕೆಂದು ಮೆಮೊ ಕೊಟ್ಟೆ. ಅಷ್ಟು ವರ್ಷದ ಸೇವೆಯಲ್ಲಿ ಅವರಿಗೆ ಬಂದ ಮೊದಲನೆಯ ಮೆಮೊ ಅದು ಎಂದು ಗುಮಾಸ್ತೆ ಮೆಲ್ಲಗೆ ಹೇಳಿದಳು. ಹೇಳಿದ್ದಕ್ಕೆ ಅವಳ ಮೇಲೂ ರೇಗಿದೆ.

ವಾರದ ಕೊನೆಗೆ ಅವರು ಒಂದು ಲಕೋಟೆ ತಂದು ಮೇಜಿನ ಮೇಲಿಟ್ಟರು. ಬಾಯಿ ಅಂಟಿಸಿತ್ತು.

"ಮೇಡಂ, ಒಂದು ಕೇಳ್ಕೊಳ್ತೀನಿ. ಇದನ್ನ ಈಗ ಓದಬೇಡಿ. ಹೆರಿಗೆ ಆಗಿ ಬಂದ್ಮೇಲೆ ಓದಿ. ಆಮೇಲೆ ಏನ್ ಕ್ರಮ ತಗೊಂಡ್ರೂ ಸರಿ."

ಅವರು ಬಾಗಿಲು ದಾಟುವ ಮೊದಲೇ ಲಕೋಟೆ ಹರಿದೆ. ಹಾಗೆ ಮಾಡದೆ ಇರುವ ಸ್ವಭಾವ ನನ್ನದಲ್ಲ. ಒಳಗೆ ಒಂದೇ ಹಾಳೆ, ನಕ್ಷೆಯ ಮೇಲೆ ಊರಿನ ಹೆಸರು ಬರೆಯುವಂಥ ಅಕ್ಷರ. ಆ ಮಾತುಗಳು ನನಗೆ ಈಗಲೂ ಬಾಯಿಪಾಠ.

"ಮಾನ್ಯರೆ, ಸದರಿ ಶೀಟಿನಲ್ಲಿ ತೋರಿಸಿರುವ ಮರವು ಹೊಂಗೆಮರವಾಗಿದ್ದು, ಬಡಾವಣೆ ಆಗುವ ಮೊದಲು ಸದರಿ ಸ್ಥಳದಲ್ಲಿ ಇದ್ದದ್ದು ನಿಜವಾಗಿರುತ್ತದೆ. ಸದರಿ ಮರದ ಬುಡದಲ್ಲಿ ನಮ್ಮ ಐದು ತಿಂಗಳ ಹೆಣ್ಣುಮಗುವನ್ನು ಮಣ್ಣು ಮಾಡಿರುತ್ತದೆ. ನಂತರ ಮರವನ್ನು ಕಡಿದಿರುತ್ತಾರೆ. ಶೀಟನ್ನು ಮೂರು ಸಲ ಹೊಸದಾಗಿ ಟ್ರೇಸ್ ಮಾಡುವಾಗಲೂ ಮರವನ್ನು ಉಳಿಸಿಕೊಂಡು ಬಂದಿರುವುದು ನನ್ನ ತಪ್ಪಾಗಿರುತ್ತದೆ. ಇದೊಂದನ್ನು ಹೊರತುಪಡಿಸಿ, ನೆಲದ ಮೇಲಿಲ್ಲದ ಬೇರೆ ಯಾವುದನ್ನೂ ನನ್ನ ಸೇವೆಯಲ್ಲಿ ಬರೆದಿರುವುದಿಲ್ಲ. ಮನ್ನಿಸಬೇಕಾಗಿ ವಿನಂತಿ."

ಹಾಳೆಯನ್ನು ಹಾಗೇ ಮೇಜಿನ ಮೇಲಿಟ್ಟೆ. ಅಳು ಬಂತು. ಬಾಗಿಲು ಹಾಕಿಕೊಂಡು ಅತ್ತೆ. ಮುಖ ತೊಳೆದುಕೊಂಡು ಅವರನ್ನು ಕರೆಸಿದೆ. ಹಾಳೆ ಮೇಜಿನ ಮೇಲೆ ತೆರೆದಿರುವುದನ್ನು ನೋಡಿ ಅವರ ಮುಖ ಸಣ್ಣದಾಯಿತು.

"ಬೇಡ ಅಂದಿದ್ದೆ ಮೇಡಂ."

"ಮೊದಲೇ ಹೇಳಬಾರದಿತ್ತಾ? ಅವತ್ತು ನಾನು ಬ್ಲೇಡು ಹಿಡಿದಾಗಲಾದರೂ?"

"ಹೊಟ್ಟೇಲಿ ಮಗು ಇಟ್ಕೊಂಡಿರೋರ ಹತ್ರ ಅಂಥ ಮಾತು ಹೆಂಗೆ ಆಡೋದು? ಕೆಡುಕು ಅಲ್ವಾ."

ನನಗೆ ಕೆಡುಕಾಗಬಾರದೆಂದು ಆ ಮನುಷ್ಯ ಎಲ್ಲರ ಎದುರು ಬಾಯಿಮುಚ್ಚಿಕೊಂಡು ನಿಂತಿದ್ದರು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂಬ ಗಾದೆಯನ್ನು ಬೇರೆಯವರಿಗೆ ಎಷ್ಟೋ ಸಲ ಹೇಳಿದ್ದೆ. ಅವತ್ತು ಅದು ನನ್ನ ಮುಖಕ್ಕೇ ಹೇಳಿದಂತಿತ್ತು.

ಏನಾದರೂ ದಾರಿ ತೋರಿಸಬೇಕೆನ್ನಿಸಿ, ಮನೆಯಲ್ಲಿಟ್ಟುಕೊಳ್ಳಲು ಒಂದು ಪ್ರತಿ ತೆಗೆದುಕೊಳ್ಳಿ ಎಂದೆ. ಅವರು ಬೇಡವೆಂದು ತಲೆಯಾಡಿಸಿದರು.

"ಅದು ನಾನು ಬರ್ಕೊಂಡಿರೋ ಚಿತ್ರ ಆಗತ್ತೆ ಮೇಡಂ. ಅವಳದ್ದು ಒಂದು ಫೋಟೋ ಇಲ್ಲ. ಹುಟ್ಟಿದ್ದು ಬರೆಸಿರ್ಲಿಲ್ಲ, ಹೋಗಿದ್ದೂ ಬರೆಸ್ಲಿಲ್ಲ. ಸರ್ಕಾರದ ಮೊಹರಿರೋ ಕಾಗದದಲ್ಲಿ ಅವಳು ಇರೋದು ಇದೊಂದೇ ಕಡೆ. ಶಿವರಾತ್ರಿ ಆದ ಮಾರನೇ ದಿನ ಆ ಜಾಗಕ್ಕೆ ಹೋಗಿ ಬರ್ತೀವಿ. ವಾಪಸ್ ಬರೋವಾಗ ಮನೆಯವಳು ಕೇಳ್ತಾಳೆ, ನಕ್ಷೇಲಿ ಇದಾಳಾ ಅಂತ. ಇದಾಳೆ ಅಂತೀನಿ. ಅಷ್ಟು ಹೇಳಿದ್ರೆ ಇನ್ನೊಂದ್ ವರ್ಷ ಸುಮ್ಮನಿರ್ತಾಳೆ."

ಆಗ ನಾನು ಮಾತು ಕೊಟ್ಟೆ. ಕಂಪ್ಯೂಟರಿಗೆ ಮರ ಹೋಗುವುದಿಲ್ಲ. ಆದರೆ ಈ ಬಟ್ಟೆಯ ಶೀಟು ಯಂತ್ರದ ಕೆಲಸ ಮುಗಿದ ಮೇಲೆ ರದ್ದಾಗುತ್ತದೆ. ಅದನ್ನು ತೊಳೆಯಲು ಬಿಡುವುದಿಲ್ಲ. ನೀವು ನಿವೃತ್ತಿಯಾಗುವ ದಿನ, ಮೊಹರು ಸಹಿಗಳ ಸಮೇತ ನಿಮ್ಮ ಕೈಗೆ ಕೊಡುತ್ತೇನೆ ಎಂದೆ.

"ಮೊಹರಿನ ಸಮೇತ?" ಎಂದು ಎರಡು ಸಲ ಕೇಳಿದರು. ನಾನು ಹೌದು ಎಂದಾಗ ಅವರು ಕೈಮುಗಿದರು. ನನ್ನ ತಂದೆಯ ವಯಸ್ಸಿನವರು.

ಮರಕ್ಕೆ ಒಂದು ಸಂಖ್ಯೆ ಕೊಟ್ಟು ಪಟ್ಟಿಗೆ ಸೇರಿಸಬಹುದಿತ್ತು. ಪಟ್ಟಿ ನನ್ನದೇ, ಎರಡು ನಿಮಿಷದ ಕೆಲಸ. ಹದಿನೇಳನೆಯ ಶೀಟು ಮೇಜಿಗೆ ಬಂದ ದಿನ ಅಲ್ಲೇ ನಿಂತಿದ್ದೆ. ಆಪರೇಟರ್ ಹುಡುಗಿ ಮರದ ಹತ್ತಿರ ಬಂದು, "ಇದಕ್ಕೇನ್ ಕೋಡ್ ಮೇಡಂ?" ಎಂದು ತಲೆಯೆತ್ತಿದಳು. ಗೋಡೆಯ ಮೇಲೆ ನನ್ನದೇ ವಾಕ್ಯ ಕಾಣುತ್ತಿತ್ತು. ಎಲ್ಲರೂ ಓದಿದ್ದ ವಾಕ್ಯ. "ಬಿಟ್ಟುಬಿಡು" ಎಂದೆ. ಅವಳು ಮುಂದಿನ ಗೆರೆಗೆ ಹೋದಳು. ಅಷ್ಟು ನಿಖರವಾಗಿ ತುಂಬಿಸಿಟ್ಟ ಆ ಕಂಪ್ಯೂಟರ್ ಟೇಪುಗಳನ್ನು ಓದುವ ಯಂತ್ರ ಹತ್ತು ವರ್ಷದಲ್ಲೇ ಇಲ್ಲವಾಯಿತು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಹೆರಿಗೆ ರಜೆಗೆ ಹೋಗುವ ಮೊದಲು ರದ್ದಾಗಬೇಕಾದ ಶೀಟುಗಳ ಪಟ್ಟಿಗೆ ಸಹಿ ಮಾಡಬೇಕಿತ್ತು. ಒಂದರಿಂದ ಇಪ್ಪತ್ತನಾಲ್ಕರವರೆಗೆ ಕ್ರಮವಾಗಿ ಬೆರಳಚ್ಚು ಮಾಡಿಟ್ಟಿದ್ದರು. ಹದಿನೇಳನ್ನು ಮಸಿಯಲ್ಲಿ ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದ್ದರೆ ಮುಗಿಯುತ್ತಿತ್ತು. ಆದರೆ ಮುಂದೆ ಆಡಿಟಿನವರು ಇದೊಂದನ್ನೇಕೆ ಬಿಟ್ಟಿರಿ ಎಂದು ಕೇಳಿದರೆ ಏನು ಹೇಳಲಿ ಎಂಬ ಪುಕ್ಕಲುತನ. ಪೆನ್ಸಿಲಿನಲ್ಲಿ ಹದಿನೇಳರ ಸುತ್ತ ಸುತ್ತು ಹಾಕಿ, "ಉಳಿಸಿ, ನನ್ನ ಬೀರುವಿನಲ್ಲಿಡಿ" ಎಂದು ಬರೆದು, ಕೆಳಗೆ ಸಹಿ ಮಾಡಿ ಕಳಿಸಿದೆ. ಆ ಹಾಳೆಗೆ ಕಾಲಂ ಗೆರೆ ಹಾಕಿಕೊಡಲು ಅದು ನಕ್ಷೆಗಾರರ ಹಾಲಿಗೆ ಹೋಯಿತು. ಯಾರೋ ಮಸಿಯಲ್ಲಿ ನೀಟಾಗಿ ಗೆರೆ ಹಾಕಿದರು. ಮಸಿ ಒಣಗಿದ ಮೇಲೆ, ಅಲ್ಲಿ ಕೂತ ಯಾವ ಕೈಯಾದರೂ ಮಾಡುವಂತೆ, ರಬ್ಬರು ತೆಗೆದು ಪೆನ್ಸಿಲನ್ನೆಲ್ಲ ಉಜ್ಜಿದರು. ಆ ಹಾಲಿನಲ್ಲಿ ಪೆನ್ಸಿಲ್ ಎಂದರೆ ಅಳಿಸಬೇಕಾದದ್ದು. ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು?

ಮಗಳು ಹುಟ್ಟಿದಳು. ಬಸವೇಶ್ವರನಗರದ ನಮ್ಮ ಮನೆಗೆ ತಿಂಗಳ ನಂತರ ಅಟೆಂಡರ್ ಹೆಂಗಸು ಬಂದಳು, ಕೈಯಲ್ಲಿ ಎರಡು ಜಬ್ಲಾ.

"ನೋಡಿ ಮೇಡಂ, ಎಂಗೈತೆ! ಇರೋದ್ರಾಗೆಲ್ಲ ನಯವಾಗಿರೋದನ್ನ ನಿಮ್ ಕೂಸಿಗೇ ಅಂತ ಎತ್ತಿಟ್ಕಂಡಿದ್ದೆ. ಆರು ನೀರಾಗೆ ಒಗ್ದಿವ್ನಿ, ಒಂದು ಚುಕ್ಕಿ ಮಸಿ ಉಳ್ದಿಲ್ಲ."

ಬೆಣ್ಣೆಯಂಥ ಬಟ್ಟೆ. ಅವಳಿಗೆ ಸೀರೆ ಕೊಟ್ಟು ಕಳಿಸಿದೆ. ಯಾವ ಶೀಟು ಎಂದು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಹದಿನೇಳು ನನ್ನ ಬೀರುವಿನಲ್ಲಿದೆ ಎಂದೇ ನಂಬಿದ್ದೆ. ನಿವೃತ್ತಿಯ ದಿನ ಬೀರು ತೆಗೆದು ಆ ಸುರುಳಿಯನ್ನು ಯಜಮಾನ್ರಿಗೆ ಕೊಡಿ ಎಂದು ಚೀಟಿಯನ್ನೂ ಕಳಿಸಿದ್ದೆ.

ಆ ದಿನ ಮಧ್ಯಾಹ್ನ ಅವರು ಮನೆಗೆ ಬಂದರು, ಜೊತೆಯಲ್ಲಿ ಅಟೆಂಡರ್ ಹೆಂಗಸು. ಶರ್ಟಿನ ಮೇಲೆ ಹಾರದ ಹೂವಿನ ಎಸಳು ಅಂಟಿಕೊಂಡಿತ್ತು. ಕುರ್ಚಿಯ ತುದಿಯಲ್ಲಿ ಕೂತು ಮಗು ಚೆನ್ನಾಗಿದೆಯಾ ಎಂದು ವಿಚಾರಿಸಿದರು. ಬಾಳೆಹಣ್ಣಿನ ಚಿಪ್ಪು ಮೇಜಿನ ಮೇಲಿಟ್ಟರು. ಆಮೇಲೆ ಸಂಕೋಚದಿಂದ ಕೇಳಿದರು.

"ಮೇಡಂ, ಆ ಶೀಟು ಬೀರುವಿನಲ್ಲಿ ಇರ್ಲಿಲ್ಲ. ನೀವು ಬೇರೆ ಎಲ್ಲಾದ್ರೂ ಇಟ್ಟಿದೀರಾ?"

"ಪಟ್ಟಿಯಲ್ಲಿ ಬರೆದಿದ್ದೆನಲ್ಲ, ಹದಿನೇಳನ್ನು ಉಳಿಸಿ ಅಂತ."

"ಪಟ್ಟೀಲಿ ಏನೂ ಇರ್ಲಿಲ್ಲ ಮೇಡಂ. ನಾನೂ ನೋಡ್ದೆ. ಇಪ್ಪತ್ನಾಲ್ಕೂ ರದ್ದು ಅಂತ ಇತ್ತು."

ಅಟೆಂಡರ್ ಹೆಂಗಸು ನಡುವೆ ಬಂದಳು. ಅವಳಿಗೆ ಓದು ಬರದು, ಮರದ ಕತೆಯೂ ಗೊತ್ತಿಲ್ಲ. "ಆ ಕಟ್ಟು ಪೂರಾ ನಾನೇ ತಗಂಡೋಗಿ ಒಗ್ದೆನಲ್ಲ ಸಾಮಿ. ಅದ್ರಾಗಿಂದೇ ಕೂಸಿನ ಜಬ್ಲಾ. ಒಂದ್ರಾಗೆ ಮಾತ್ರ ಯಾರೋ ಬ್ಲೇಡ್ನಾಗೆ ಕೆರ್ದು ಎಳೆ ಎತ್ಬಿಟ್ಟಿದ್ರು. ಕೂಸಿನ ಎದೆಮೇಕೆ ಬರದು ಬ್ಯಾಡ, ಬೆನ್ನಿಗೆ ಆಕಪ್ಪ ಅಂತ ಟೈಲರ್‌ಗೆ ಯೋಳಿದ್ದೆ."

ಮಗು ನನ್ನ ಭುಜದ ಮೇಲೆ ಮಲಗಿತ್ತು. ಅದರ ಬೆನ್ನು ಅವರ ಕಡೆಗಿತ್ತು.

ಅವರು ಎದ್ದು ಬಂದರು. ಕನ್ನಡಕ ಹಣೆಗೇರಿಸಿ ಹತ್ತಿರದಿಂದ ನೋಡಿದರು. ಬಟ್ಟೆಯ ಮೇಲೆ ರಸ್ತೆಯಿಲ್ಲ, ಕೆರೆಯಿಲ್ಲ, ಮೊಹರಿಲ್ಲ, ಸಹಿಯಿಲ್ಲ. ಅವರ ಹೆಬ್ಬೆರಳು ಮಗುವಿನ ಬೆನ್ನಿನ ಮೇಲೆ ಮೆಲ್ಲಗೆ ಸರಿದು ಎಡಭುಜದ ಕೆಳಗೆ ಒಂದು ಕಡೆ ನಿಂತಿತು. ಎಳೆಗಳು ತೆಳ್ಳಗಾದ ಜಾಗ. ನನ್ನ ಬ್ಲೇಡಿನದು.

"ಇಲ್ಲೇ ಮೇಡಂ," ಎಂದರು.

ನಾನು ಜಬ್ಲಾದ ಲಾಡಿ ಬಿಚ್ಚಲು ಹೋದೆ. ಅವರು ತಡೆದರು.

"ಬೇಡ ಬೇಡ. ಮಲಗಿರೋ ಮಗು ಮೈಮೇಲಿಂದ ಬಿಚ್ಚಬಾರದು. ಹಾಕ್ಕೊಳ್ಲಿ, ಚೆನ್ನಾಗಿ ಹಾಕ್ಕೊಂಡು ಬೆಳೀಲಿ. ಅವಳಿಗೆ ಚಿಕ್ಕದಾದ್ಮೇಲೆ ನನಗೆ ಕೊಡಿ."

ಕೊಡುತ್ತೇನೆ ಎಂದೆ. ಎರಡನೆಯ ಸಲ ಮಾತು ಕೊಟ್ಟೆ. ಅವರು ಹೋದ ಮೇಲೆ ಮಗುವನ್ನು ಮಲಗಿಸದೆ ಸಂಜೆಯವರೆಗೆ ಹೊತ್ತುಕೊಂಡೇ ಇದ್ದೆ.

ಜಬ್ಲಾ ಇನ್ನೆರಡು ತಿಂಗಳಲ್ಲಿ ಚಿಕ್ಕದಾಯಿತು. ತೊಳೆದು ಮಡಿಸಿ ಇಟ್ಟೆ. ನಾಳೆ ಹೋಗೋಣ, ಭಾನುವಾರ ಹೋಗೋಣ ಎಂದುಕೊಂಡೆ. ಕಚೇರಿ, ಮಗುವಿನ ಜ್ವರ, ಹೊಸ ಶೀಟುಗಳು. ಇವೆಲ್ಲ ನೆಪ. ನಿಜವೆಂದರೆ ಅವರ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ. ಹಾಗೆ ಒಂದು ವರ್ಷದ ಮೇಲೆ ಕಳೆಯಿತು. ಕೊನೆಗೊಂದು ದಿನ ಗೋವಿಂದರಾಜನಗರಕ್ಕೆ ಹೋದರೆ ಆ ಮನೆಯಲ್ಲಿ ಬೇರೆ ಬಾಡಿಗೆಯವರಿದ್ದರು. ಮುಂಚಿನವರು ಎಲ್ಲಿಗೆ ಹೋದರೋ ಗೊತ್ತಿಲ್ಲ ಎಂದರು.

ಅಲ್ಲಿಂದ ನೇರ ಕಾಮಾಕ್ಷಿಪಾಳ್ಯದ ಆ ಮೂಲೆಗೆ ನಡೆದೆ. ಲೇತಿನವನು ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದ.

"ಏನ್ ಮೇಡಂ, ಮರ ಸಿಕ್ತಾ?"

ನಾನು ನಗಲಿಲ್ಲ. ವರ್ಷಕ್ಕೊಮ್ಮೆ ಇಲ್ಲಿಗೆ ಒಬ್ಬ ಯಜಮಾನರು, ಅವರ ಹೆಂಡತಿ ಬರುತ್ತಾರಾ ಎಂದು ಕೇಳಿದೆ. ಅವನೂ ನಗು ಬಿಟ್ಟ.

"ಹೂಂ, ವಿಭೂತಿ ಹಚ್ಕೊಂಡಿರ್ತಾರಲ್ಲ, ಅವ್ರಾ? ಆ ಕಾಂಪೌಂಡ್ ಹತ್ರ ಸ್ವಲ್ಪ ಹೂವ ಇಟ್ಟು, ಹಾಲು ಹಾಕಿ ಹೋಗೋರು. ಯಾಕೆ ಅಂತ ನಾನು ಕೇಳಿಲ್ಲ. ಈ ಸಲ ಅಜ್ಜಿ ಒಬ್ರೇ ಬಂದಿದ್ರು. ಹಣೇಲಿ ಕುಂಕುಮ ಇರ್ಲಿಲ್ಲ."

ಮುಂದಿನ ಶಿವರಾತ್ರಿಯ ಮಾರನೆಯ ದಿನ ರಜೆ ಹಾಕಿ, ಬೆಳಿಗ್ಗೆ ಎಂಟಕ್ಕೇ ಹೋಗಿ ಅಲ್ಲಿ ನಿಂತೆ. ಬ್ಯಾಗಿನಲ್ಲಿ ಜಬ್ಲಾ ಇತ್ತು. ಏನು ಹೇಳಬೇಕೆಂದು ಯೋಚಿಸಿಕೊಂಡಿದ್ದೆ. ನಾನೇ ಕೆರೆದೆ, ನಾನೇ ಪೆನ್ಸಿಲಿನಲ್ಲಿ ಬರೆದೆ, ಇದು ಅದೇ ಬಟ್ಟೆ, ಎಂದು ಎಲ್ಲವನ್ನೂ ಹೇಳಿ ಕಾಲು ಹಿಡಿಯುವುದು. ಹತ್ತು ಗಂಟೆಯ ಹೊತ್ತಿಗೆ ಆ ತಾಯಿ ಬಂದರು. ಬಿಳಿ ಕೂದಲು, ಕೈಯಲ್ಲಿ ಸಣ್ಣ ತಂಬಿಗೆ, ಎಲೆಯಲ್ಲಿ ಸುತ್ತಿದ ಕಾಕಡ ಮಲ್ಲಿಗೆ. ಕಾಂಪೌಂಡಿನ ಬುಡದಲ್ಲಿ ಹೂವಿಟ್ಟರು, ಹಾಲು ಹಾಕಿದರು, ಸ್ವಲ್ಪ ಹೊತ್ತು ಕೈಮುಗಿದು ನಿಂತರು. ಅವರು ತಿರುಗಿದಾಗ ನಾನು ಹತ್ತಿರ ಹೋಗಿ, ಯಜಮಾನ್ರ ಜೊತೆ ನಕ್ಷೆ ಆಫೀಸಿನಲ್ಲಿ ಕೆಲಸ ಮಾಡಿದವಳು ಎಂದೆ.

ಅವರ ಮುಖ ಅರಳಿತು. ನನ್ನ ಕೈ ಹಿಡಿದುಕೊಂಡರು.

"ಹೌದಾ ತಾಯಿ? ಅವ್ರಿರೋವಾಗ ಇಲ್ಲಿಂದ ಹೋಗ್ತಾ ದಾರೀಲಿ ಕೇಳ್ತಿದ್ದೆ, ಮಗು ನಕ್ಷೇಲಿ ಇದಾಳಾ ಅಂತ. ರಿಟೈರ್ ಆದ್ಮೇಲೂ ಕೇಳ್ದೆ. ಇದಾಳೆ ಕಣೇ ಅಂದ್ರು. ಈಗ ಕೇಳೋಣ ಅಂದ್ರೆ ಯಾರಿದಾರೆ. ನೀವು ಅಲ್ಲೇ ಇದೀರಲ್ಲ, ನೀವೇ ಹೇಳಿ. ನಮ್ ಮಗು ನಕ್ಷೇಲಿ ಇದಾಳಾ?"

ನನ್ನ ಒಂದು ಕೈ ಬ್ಯಾಗಿನೊಳಗೆ ಜಬ್ಲಾದ ಮೇಲಿತ್ತು. ಅದನ್ನು ಹೊರಗೆ ತೆಗೆದರೆ ಇಲ್ಲ ಎಂದಂತೆ.

"ಇದಾಳೆ ಅಮ್ಮ," ಎಂದೆ.

ಅವರು ತಲೆಯಾಡಿಸಿ, ಖಾಲಿ ತಂಬಿಗೆಯನ್ನು ಸೆರಗಿನಿಂದ ಒರೆಸಿಕೊಂಡು, ಮಾಗಡಿ ರಸ್ತೆಯ ಬಸ್ಸಿನ ಕಡೆಗೆ ಹೊರಟರು. ಜಬ್ಲಾ ನನ್ನ ಹತ್ತಿರವೇ ಉಳಿಯಿತು.